ಆಯ್ದವರ ಋಣ

(ಶ್ರೀಮಠದ ಮಹೋತ್ಸವದ ಎರಡನೆಯ ದಿನ ಸಾಯಂಕಾಲದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಅಂಗವಾಗಿ ಭಕ್ತಜನರು ರಚಿಸಿದ ಪದ್ಯಗಳ ಸಂಕಲನವೊಂದನ್ನು ಶ್ರೀಮಠವು ಅಚ್ಚುಮಾಡಿಸಿರುವುದು ಸರ್ವರಿಗೂ ತಿಳಿದ ವಿಷಯ. ನಿನ್ನೆಯ ದಿನ ಅದು ಸನ್ನಿಧಿಯವರ ಅಮೃತಹಸ್ತದಿಂದ ಬೆಳಕು ಕಂಡಿತು. ಅದರಲ್ಲಿ ಸೇರಿದ ಕವಿಗಳು ಒಬ್ಬೊಬ್ಬರಾಗಿ ಎದ್ದು ನಿಂತು ಉಪಕಾರ ಸ್ಮರಿಸಿದರು. ಕೆಲವರು ಬಹಳ ದೀರ್ಘವಾಗಿಯೇ ಸ್ಮರಿಸಿದರು. ದಾಸೋಹದ ಗಂಟೆ ಬಾರಿಸದೆ ಇದ್ದಿದ್ದರೆ ಇನ್ನಷ್ಟು ದೀರ್ಘವಾಗುತ್ತಿತ್ತು. ಆದರೆ ಒಬ್ಬ ಹಿರಿಯರು ಮಾತ್ರ ಏಳಲಿಲ್ಲ. ಅವರು ಒಕ್ಕಲುತನದವರು, ಎಪ್ಪತ್ತು ದಾಟಿದವರು, ಊರಿನ ಭಜನೆಯ ಮೇಳದಲ್ಲಿ ನಾಲ್ವತ್ತು ವರ್ಷ ಏಕತಾರಿ ಹಿಡಿದು ಹಾಡಿದವರು. ಪ್ರಸಾದವಾದ ಮೇಲೆ ಜಗುಲಿಯಲ್ಲಿ ಕುಳಿತಿದ್ದ ಅವರನ್ನು ಒಬ್ಬರು ಕಾರಣ ಕೇಳಿದರು. ಅದಕ್ಕೆ ಅವರು ಕೊಟ್ಟ ಉತ್ತರ ಹೀಗಿತ್ತು: “ಹನ್ನೆರಡು ಪದ ಬರಕೊಟ್ಟಿದ್ದೆ. ಒಂದು ಬಂದದ. ಬಂದದ್ದಕ್ಕ ಶರಣಂತ ಹೇಳಬೇಕೋ, ಬರದೇ ಇದ್ದದ್ದಕ್ಕ ಯಾಕಂತ ಕೇಳಬೇಕೋ ತಿಳೀಲಿಲ್ಲ. ಅದಕ್ಕ ಸುಮ್ಮಕ ಕುಂತಿದ್ದೆ.”

ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. ಆ ಮಾತಿನಲ್ಲಿ ಮುನಿಸು ಇರಲಿಲ್ಲ; ಒಂದು ನಿಜವಾದ ಸಂಶಯವಿತ್ತು. ಸಂಕಲನದಲ್ಲಿ ಸ್ಥಾನ ಪಡೆದವನು ಯಾರಿಗೆ ಋಣಿ? ಏತಕ್ಕೆ ಋಣಿ? ಎಷ್ಟು ಋಣಿ? ಇಂದಿನ ಉಪನ್ಯಾಸಕ್ಕೆ ಬೇರೆ ವಿಷಯವೊಂದು ಗೊತ್ತಾಗಿತ್ತು. ಅದನ್ನು ಬದಿಗಿರಿಸಿ ಈ ಹಿರಿಯರ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಉಚಿತವೆಂದು ತೋರಿತು. ಏಕೆಂದರೆ ಈ ಪ್ರಶ್ನೆ ಹೊಸದಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಏಳೆಂಟು ನೂರು ವರ್ಷಗಳ ವಯಸ್ಸಾಗಿರುವುದು.

ಅಚ್ಚಿನ ಯಂತ್ರವು ಬರುವುದಕ್ಕೆ ಮೊದಲು ಒಂದು ಪದ್ಯವು ಉಳಿಯಬೇಕಾದರೆ ಎರಡೇ ದಾರಿಗಳಿದ್ದುವು. ಒಂದು ನಾಲಗೆ, ಇನ್ನೊಂದು ಓಲೆ. ನಾಲಗೆ ಮನುಷ್ಯನೊಡನೆ ಮಣ್ಣಾಗುವುದು. ಓಲೆಯ ಕಷ್ಟವನ್ನು ಈಗಿನ ಹುಡುಗರು ಕಾಣರು. ತಾಳೆಯ ಗರಿಯನ್ನು ಕೊಯ್ದು, ಒಣಗಿಸಿ, ಹದಮಾಡಿ, ಅಳತೆಗೆ ಸರಿಯಾಗಿ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯಬೇಕು. ಕೊರೆದ ಗೀರಿನಲ್ಲಿ ಕಾಡಿಗೆಯ ಮಸಿಯನ್ನು ತೀಡಿ ಒರಸಿದ ತರುವಾಯವೇ ಬರಹವು ಕಣ್ಣಿಗೆ ಕಾಣುವುದು. ಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯನ್ನಿಟ್ಟು ಬಿಗಿದರೆ ಅದಕ್ಕೆ ಕಟ್ಟು ಎಂದು ಹೆಸರು. ಇಷ್ಟಾದರೂ ಆ ಕಟ್ಟು ಚಿರಂಜೀವಿಯಲ್ಲ. ಗೆದ್ದಲುಂಟು, ಹುಳುವುಂಟು, ಮಳೆಗಾಲದ ತೇವವುಂಟು, ಮನೆ ಹಂಚಿಕೊಳ್ಳುವ ಅಣ್ಣತಮ್ಮಂದಿರ ಜಗಳವುಂಟು. ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಬೆನ್ನು ಬಗ್ಗಿಸಿ ಹೊಸ ಪ್ರತಿಯನ್ನು ಮಾಡಿದರೆ ಗ್ರಂಥ ಉಳಿಯಿತು, ಮಾಡದಿದ್ದರೆ ಹೋಯಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬುದನ್ನು ಇಂದಿಗೂ ಜನರು ಕೊಂಡಾಡುವುದು ಸುಮ್ಮನೆ ಅಲ್ಲ.

ಪುರಾಣವನ್ನೋ ಮಹಾಕಾವ್ಯವನ್ನೋ ಬರೆದವನಿಗೆ ಒಂದು ಕಟ್ಟೇ ಮೀಸಲಾಗಿ ದೊರೆಯಬಹುದು. ಆದರೆ ನಾಲ್ಕು ಮಾತನ್ನಾಡಿ ಮೌನವಾದವನ ಗತಿ ಏನು? ಒಂದು ಗರಿಯನ್ನು ಕಟ್ಟು ಎನ್ನುವವರಿಲ್ಲ. ಅದಕ್ಕೆ ಹಲಗೆ ಹಾಕುವವರಿಲ್ಲ, ಅದನ್ನು ಪ್ರತಿಮಾಡುವ ಗೋಜಿಗೆ ಹೋಗುವವರಿಲ್ಲ. ಒಂಟಿ ಗರಿಯು ಮಾಡಿನ ಸಂದಿಗೆ ಸೇರುವುದು; ಅಲ್ಲಿಂದ ಒಲೆಗೆ ಸೇರುವುದು. ಇಂಥ ಸಣ್ಣ ಗರಿಯು ಬದುಕುವುದು ಯಾವಾಗೆಂದರೆ, ಯಾರೋ ಒಬ್ಬರು ಅದನ್ನು ಆಯ್ದು ದೊಡ್ಡವರ ಗರಿಗಳ ನಡುವೆ ಇಟ್ಟು ಅದೇ ದಾರದಲ್ಲಿ ಪೋಣಿಸಿದಾಗ. ಬಸವಣ್ಣನವರ ವಚನಕ್ಕಾಗಿ ಕಟ್ಟನ್ನು ಪ್ರತಿಮಾಡುವವನು ನಡುವೆ ಬಂದ ಬಡವನ ವಚನವನ್ನೂ ಬರೆದುಕೊಂಡೇ ಮುಂದೆ ಹೋಗುವನು. ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತೆಂದು ಜನರು ನಾರನ್ನು ಹಗುರಾಗಿ ಆಡುವರು. ಆದರೆ ಸಂಕಲನದಲ್ಲಿ ಹೂವನ್ನು ಹೊತ್ತು ನಡೆದುದು ನಾರೇ ಅಲ್ಲವೆ?

ಕನ್ನಡದಲ್ಲಿ ಇಂಥ ನಾರನ್ನು ಹೊಸೆದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದವನು ಮಲ್ಲಿಕಾರ್ಜುನ ಕವಿ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಅವನು ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಮಾಡಿದನು. ಅವನು ಯಶೋಧರಚರಿತೆಯ ಜನ್ನನಿಗೆ ಹತ್ತಿರದ ನಂಟ. ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನ ತಂದೆ. ಸಮುದ್ರ, ಪರ್ವತ, ಪಟ್ಟಣ, ಋತು, ಚಂದ್ರೋದಯ ಮೊದಲಾದ ವರ್ಣನೆಗಳ ಕ್ರಮದಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ಅವನು ಜೋಡಿಸಿದನು. ಮೊದಲನೆಯ ಗುಣವರ್ಮನೆಂಬ ಕವಿಯ ಶೂದ್ರಕ, ಹರಿವಂಶ ಎಂಬ ಗ್ರಂಥಗಳು ಇಂದು ದೊರೆಯುವುದಿಲ್ಲ. ಇಂಥ ಸಂಕಲನಕಾರರೂ ಲಾಕ್ಷಣಿಕರೂ ತಮ್ಮ ಗ್ರಂಥಗಳಲ್ಲಿ ಎತ್ತಿಟ್ಟುಕೊಂಡ ಬಿಡಿಪದ್ಯಗಳಿಂದಲೇ ಅವನ ವಾಣಿಯು ಹೇಗಿತ್ತೆಂಬುದು ಈಗ ಗೊತ್ತಾಗಬೇಕು. ಮಹಾಕಾವ್ಯವು ಮುಳುಗಿತು, ಆಯ್ದ ಪದ್ಯ ತೇಲಿತು.

ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಕೇಶಿರಾಜನು ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ ಮೊದಲಾದ ಕಾವ್ಯಗಳನ್ನು ತಾನು ರಚಿಸಿದುದಾಗಿ ಹೇಳಿಕೊಂಡಿದ್ದಾನೆ. ಅವುಗಳಲ್ಲಿ ಒಂದೂ ಈಗ ಇಲ್ಲ. ಊರಿನ ಕವಿಗಳನ್ನೆಲ್ಲ ಕಾಪಾಡಿದ ತಂದೆಯ ಮಗನಿಗೆ, ತನ್ನ ಕಾವ್ಯವನ್ನು ಆಯ್ದು ಕಾಪಾಡುವ ಇನ್ನೊಬ್ಬ ಮಲ್ಲಿಕಾರ್ಜುನನು ದೊರೆಯಲಿಲ್ಲ. ವ್ಯಾಕರಣವೊಂದು ಉಳಿಯಿತು, ಪಾಠಶಾಲೆಯ ಹುಡುಗರು ಬಾಯಿಪಾಠ ಮಾಡಲೇಬೇಕಾಗಿದ್ದುದರಿಂದ.

ಮಲ್ಲಿಕಾರ್ಜುನನ ಉಪಕಾರವನ್ನು ಎಷ್ಟು ಹೊಗಳಿದರೂ ಒಂದು ಕೊರತೆಯನ್ನು ಹೇಳದೆ ಇರುವಂತಿಲ್ಲ. ಪದ್ಯಗಳನ್ನು ಆಯ್ದುಕೊಂಡ ಅವನು ಯಾವ ಪದ್ಯ ಯಾರದೆಂಬುದನ್ನು ತಿಳಿಸಲಿಲ್ಲ. ಮುಂದಿನ ವಿದ್ವಾಂಸರು ಉಳಿದಿರುವ ಕಾವ್ಯಗಳನ್ನು ಮುಂದಿಟ್ಟುಕೊಂಡು, ಇದು ಪಂಪನದು, ಇದು ನಾಗಚಂದ್ರನದು ಎಂದು ಹೋಲಿಸಿ ಹುಡುಕಬೇಕಾಯಿತು. ಮೂಲಗ್ರಂಥವೇ ಹೋಗಿರುವ ಪದ್ಯಗಳ ತಂದೆ ಯಾರೆಂದು ಹೇಳುವವರಾರು? ಅನ್ನ ಕೊಟ್ಟು ಸಾಕಿ ಹೆಸರು ಮಾತ್ರ ಕಳೆದಂತಾಯಿತು. ಅಂದಿನ ಓದುಗರಿಗೆ ಪದ್ಯ ಕೇಳಿದೊಡನೆ ಕವಿಯ ಹೆಸರು ಹೊಳೆಯುತ್ತಿದ್ದಿರಬಹುದು. ಆದುದರಿಂದ ಹೇಳುವ ಅಗತ್ಯವೇ ಅವನಿಗೆ ಕಂಡಿರಲಾರದು. ಮುಂದಿನವರೂ ತನ್ನಂತೆಯೇ ಬಲ್ಲವರಾಗಿರುವರೆಂದು ನಂಬುವುದು ವಿದ್ವಾಂಸರ ಹಳೆಯ ತಪ್ಪು.

ಶರಣರ ವಚನಗಳಿಗೆ ಈ ಆಪತ್ತು ತಗಲಲಿಲ್ಲ. ಅದಕ್ಕೆ ಕಾರಣ ಅಂಕಿತ. ವಚನದ ಕೊನೆಯಲ್ಲಿ ಇಷ್ಟದೈವದ ಹೆಸರು ಬರುವುದು. ಅದನ್ನು ತೆಗೆದರೆ ವಚನವೇ ಮುಗಿಯುವುದಿಲ್ಲ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಪ್ರಭುದೇವರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಬಿಟ್ಟರು. ದೋಣಿ ನಡೆಸುವವನ ಧೈರ್ಯವದು. ಪ್ರತಿಕಾರನು ನಿದ್ದೆಗಣ್ಣಿನಲ್ಲಿ ಬರೆದರೂ, ಸಂಕಲನಕಾರನು ಕ್ರಮವನ್ನು ತಲೆಕೆಳಗು ಮಾಡಿದರೂ, ಅಂಕಿತವು ವಚನದ ಬೆನ್ನಿಗೆ ಅಂಟಿಕೊಂಡು ಬಂದಿತು. ಆದರೆ ಆ ವಚನಗಳನ್ನು ಆಯ್ದು ಕಟ್ಟಿದವರ ಹೆಸರುಗಳೇ ಅನೇಕ ಕಟ್ಟುಗಳಲ್ಲಿ ಇಲ್ಲ. ‘ಸಕಲ ಪುರಾತನರ ವಚನ’ ಎಂಬ ತಲೆಬರಹದ ಕಟ್ಟುಗಳನ್ನು ಯಾರು ಯಾವ ಊರಿನಲ್ಲಿ ಕುಳಿತು ಮೊದಲು ಜೋಡಿಸಿದರೆಂಬುದು ತಿಳಿಯದು. ಅಲ್ಲಿ ಸೂಕ್ತಿಸುಧಾರ್ಣವದಲ್ಲಿ ಆಯ್ದವನ ಹೆಸರು ಉಳಿದು ಹಾಡಿದವರ ಹೆಸರು ಮರೆಯಾಯಿತು. ಇಲ್ಲಿ ಹಾಡಿದವರ ಗುರುತು ಉಳಿದು ಆಯ್ದವನು ಮರೆಯಾದನು. ಶರಣಸಂಪ್ರದಾಯಕ್ಕೆ ಎರಡನೆಯದು ಒಪ್ಪುವ ರೀತಿಯೆಂದು ಬೇರೆ ಹೇಳಬೇಕಾಗಿಲ್ಲ.

ಸೂಳೆ ಸಂಕವ್ವೆಯೆಂಬ ಶರಣೆಯ ಹೆಸರನ್ನು ಈ ಸಭೆಯಲ್ಲಿ ಅನೇಕರು ಕೇಳಿರಬಹುದು. ಆಕೆಯದೆಂದು ದೊರೆತಿರುವುದು ಒಂದೇ ಒಂದು ವಚನ. ಅಂಕಿತ ನಿರ್ಲಜ್ಜೇಶ್ವರ. ತನ್ನ ಹಿಂದಿನ ಬದುಕಿನ ಮಾತನ್ನೇ ಎತ್ತಿಕೊಂಡು, ಮುಚ್ಚುಮರೆಯಿಲ್ಲದೆ, ಹಿಡಿದ ವ್ರತವನ್ನು ಬಿಟ್ಟರೆ ಏನಾಗುವುದೆಂಬುದನ್ನು ಆಕೆ ಅದರಲ್ಲಿ ಹೇಳಿದ್ದಾಳೆ. ಓದುವವನು ತಲೆತಗ್ಗಿಸಬೇಕು, ಹಾಗಿದೆ ಆ ನಿಷ್ಠೆ. ಈಗ ಯೋಚಿಸಬೇಕಾದುದು ಇಷ್ಟು. ಆ ಕಟ್ಟನ್ನು ಜೋಡಿಸುತ್ತಿದ್ದ ಪುಣ್ಯಾತ್ಮನ ಮುಂದೆ ಬಸವಣ್ಣನವರ ನೂರಾರು, ಪ್ರಭುದೇವರ ನೂರಾರು, ಚೆನ್ನಬಸವಣ್ಣನವರ ನೂರಾರು ವಚನಗಳು ಬಿದ್ದಿದ್ದುವು. ಗರಿ ಎಷ್ಟಿತ್ತೋ, ಕಾಲ ಎಷ್ಟಿತ್ತೋ! “ಇವಳದೊಂದನ್ನು ಬಿಟ್ಟರೆ ಏನು ಕೆಡುವುದು? ಮಾತೂ ಅಷ್ಟು ಮಡಿಯಲ್ಲ” ಎಂದು ಅವನು ಕೈ ತಡೆದಿದ್ದರೆ, ಇಂದು ಸಂಕವ್ವೆಯೆಂಬ ಶರಣೆಯೊಬ್ಬಳು ಇದ್ದಳೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಕೈ ತಡೆಯಲಿಲ್ಲ. ಒಂದು ಗರಿಯ ಅರ್ಧಭಾಗವನ್ನು ಆಕೆಗೆ ಕೊಟ್ಟನು. ರಾಟೆಯ ಕಾಯಕದ ಕದಿರೆ ರೆಮ್ಮವ್ವೆ, ಕೊಟ್ಟಣ ಕುಟ್ಟುತ್ತಿದ್ದ ಸೋಮವ್ವೆ, ಇವರದೂ ಹೀಗೆಯೇ ಬೆರಳೆಣಿಕೆಯ ವಚನಗಳು. ಇವರು ಯಾರೂ ತಮ್ಮನ್ನು ಸೇರಿಸಿಕೊಂಡ ಸಂಕಲನವನ್ನು ಕಣ್ಣಿನಿಂದ ಕಂಡವರಲ್ಲ. ತಾವು ಆಯ್ಕೆಯಾದೆವೆಂಬುದೇ ಅವರಿಗೆ ತಿಳಿಯದು. ಉಪಕಾರ ಸ್ಮರಣೆ ಮಾಡುವುದಕ್ಕೆ ಅವರು ಇಲ್ಲ; ಸ್ವೀಕರಿಸುವುದಕ್ಕೆ ಅವನೂ ಇಲ್ಲ.

ಆಯ್ಕೆಯ ಮಾತು ಬಂದಾಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳನ್ನು ನೆನೆಯದೆ ಇರಲಾಗದು. ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುವುದೇ ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಬೇಕಾದುದಕ್ಕಿಂತ ಮಿಗಿಲಾದುದು ಆಸೆಯೇ ಹೊರತು ಕಾಯಕವಲ್ಲವೆಂದು ಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಕೇಳದ ಮಕ್ಕಳು ಮಠದಲ್ಲಿಲ್ಲ.

ಈಗ ನೋಡಿದರೆ, ಆಯುವುದನ್ನೇ ಬಾಳಾಗಿ ಮಾಡಿಕೊಂಡ ಆ ದಂಪತಿಗಳ ವಚನಗಳು ಉಳಿದುದೂ ಆಯ್ದವರಿಂದಲೇ. ಶೂನ್ಯಸಂಪಾದನೆಯಲ್ಲಿ ಅವರಿಗೆ ಒಂದು ಪ್ರಕರಣವೇ ಮೀಸಲಾಗಿರುವುದು. ಅಂಗಳದ ಕಾಳಿಗೂ ಶರಣರ ಮಾತಿಗೂ ಒಂದು ಭೇದ ಮಾತ್ರ ಉಂಟು. ಲಕ್ಕಮ್ಮ ಬಿಟ್ಟು ಕಳುಹಿಸಿದ ಅಕ್ಕಿಯನ್ನು ಹಕ್ಕಿಯೋ ಇನ್ನೊಬ್ಬ ಬಡವನೋ ತಿಂದಿರಬಹುದು; ಅದು ಎಲ್ಲಿಯೂ ಹಾಳಾಗಲಿಲ್ಲ. ಸಂಕಲನಕಾರನು ಬಿಟ್ಟ ಪದ್ಯವೋ ಬಿಟ್ಟಲ್ಲಿಯೇ ಹಾಳಾಗುವುದು. ಆದುದರಿಂದ ಅಕ್ಕಿಯಲ್ಲಿ ಬಿಡುವುದೇ ಧರ್ಮವಾದರೆ, ಪದ್ಯದಲ್ಲಿ ಬಿಡುವುದು ಭಯದ ಕೆಲಸ. ಎಲ್ಲವನ್ನೂ ತೆಗೆದುಕೊಂಡರೆ ಅದು ಸಂಕಲನವಾಗದು, ಕಣಜವಾಗುವುದು. ಕೆಲವನ್ನು ಬಿಟ್ಟರೆ ಬಿಟ್ಟವರ ಋಣ ತಲೆಯ ಮೇಲೆ ನಿಲ್ಲುವುದು. ಆಯುವವನು ಈ ಎರಡರ ನಡುವೆ ನಡೆಯಬೇಕು. ನಿನ್ನೆ ಜಗುಲಿಯ ಮೇಲೆ ಕುಳಿತ ಹಿರಿಯರು ಎತ್ತಿದುದು ಈ ಮಾತನ್ನೇ. ಅವರು ಲಕ್ಕಮ್ಮನ ಹೆಸರನ್ನು ಹೇಳಲಿಲ್ಲ, ಅಷ್ಟೆ.

ಶೂನ್ಯಸಂಪಾದನೆಯ ಇತಿಹಾಸವು ಈ ಭಯಕ್ಕೆ ಸಾಕ್ಷಿಯಾಗಿರುವುದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಅದನ್ನು ರಚಿಸಿದರು. ರಚಿಸಿದರೆಂದರೆ, ಬೇರೆ ಬೇರೆ ಶರಣರ ವಚನಗಳನ್ನು ಆಯ್ದು, ಪ್ರಭುದೇವರನ್ನು ನಡುವೆ ನಿಲ್ಲಿಸಿ, ಪ್ರಶ್ನೋತ್ತರದ ಸಂವಾದವಾಗುವಂತೆ ಹೆಣೆದರು. ಅದರಲ್ಲಿ 1012 ವಚನಗಳು ಸೇರಿದುವು. ಬಳಿಕ ಹಲಗೆಯ ದೇವರು 1599 ವಚನಗಳಿಂದ ಮತ್ತೊಂದನ್ನು ಹೆಣೆದರು. ಗುಮ್ಮಳಾಪುರದ ಸಿದ್ಧಲಿಂಗಯತಿಗಳು 1439ರಿಂದಲೂ, ಗೂಳೂರು ಸಿದ್ಧವೀರಣ್ಣೊಡೆಯರು 1543ರಿಂದಲೂ ತಮ್ಮ ತಮ್ಮ ಸಂಪಾದನೆಗಳನ್ನು ಕಟ್ಟಿದರು. ನಾಲ್ವರೂ ಮಹಾನುಭಾವಿಗಳು, ನಾಲ್ವರೂ ಒಂದೇ ಸಾಗರದ ದಡದಲ್ಲಿ ನಿಂತವರು; ಆದರೂ ಒಬ್ಬರ ಆಯ್ಕೆ ಇನ್ನೊಬ್ಬರದಾಗಲಿಲ್ಲ. ಒಬ್ಬರು ಬಿಟ್ಟುದನ್ನು ಇನ್ನೊಬ್ಬರು ಬಾಗಿ ಎತ್ತಿಕೊಂಡರು. ಮೊದಲಿನವರು ತೆಗೆದುಕೊಂಡುದನ್ನು ಹಿಂದಿನಿಂದ ಬಂದವರು ಬಿಟ್ಟುದೂ ಉಂಟು. ಮೊದಲನೆಯವರ ಆಯ್ಕೆಯೇ ಕೊನೆಯದೆಂದು ಯಾರೂ ತಿಳಿಯಲಿಲ್ಲ. ಹಿಂದಿನವರನ್ನು ಹಳಿಯದೆ, ಅವರ ಕೆಲಸವನ್ನು ಮತ್ತೊಮ್ಮೆ ಮಾಡಿದರು.

ಸಂಪಾದನೆಯಲ್ಲಿ ಸೇರಿದ ಶರಣರ ಪಕ್ಷದಿಂದ ಒಂದು ಮಾತನ್ನಾಡುವುದು ನ್ಯಾಯ. ಒಂದು ಸಂದರ್ಭದಲ್ಲಿ ತನ್ನ ಪಾಡಿಗೆ ತಾನು ಹೇಳಿಕೊಂಡ ವಚನವು ಈ ಹೆಣಿಗೆಯಲ್ಲಿ ಇನ್ನೊಬ್ಬರಿಗೆ ಕೊಟ್ಟ ಉತ್ತರವಾಗಿ ನಿಲ್ಲುವುದು. ಅಕ್ಕನು ಯಾವ ಕಾಡಿನಲ್ಲಿ ಯಾವ ನೋವಿನಲ್ಲಿ ನುಡಿದಳೋ, ಅದು ಅನುಭವಮಂಟಪದ ಪರೀಕ್ಷೆಗೆ ಕೊಟ್ಟ ಜವಾಬಾಗಬಹುದು. ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿದ ಕಟ್ಟುಗಳಲ್ಲಿಯೂ ಹೀಗೆಯೇ. ಹಸಿದು ಅತ್ತ ಮಾತಿಗೆ ಭಕ್ತಸ್ಥಲವೆಂದೋ ಮಹೇಶಸ್ಥಲವೆಂದೋ ತಲೆಬರಹ ಬರುವುದು. ಆಯ್ದವರು ಮೂಲದವರ ಮಾತಿಗೆ ತಮ್ಮ ಕಿವಿಯ ಆಕಾರವನ್ನು ಕೊಡುವರು. ಇದು ದೋಷವೆಂದು ಹೇಳಬಹುದು, ಹೇಳಲೂ ಬೇಕು. ಆದರೆ ಹಾಗೆ ಸ್ಥಲಕ್ಕೆ ಕಟ್ಟದೆ ಹೋಗಿದ್ದರೆ ದೋಷ ಹುಡುಕುವುದಕ್ಕೆ ವಚನವೇ ಇರುತ್ತಿರಲಿಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಕೃತಜ್ಞತೆಗೆ ಕಣ್ಣು ಮುಚ್ಚಿಕೊಳ್ಳುವ ಅಗತ್ಯವಿಲ್ಲ.

ಓಲೆಯ ಕಾಲ ಮುಗಿದು ಅಚ್ಚಿನ ಕಾಲ ಬಂದಾಗ ವಚನಗಳಿಗೆ ಇನ್ನೊಂದು ಗಂಡಾಂತರ ಒದಗಿತು. ಕಟ್ಟುಗಳಿಗೆ ಮನೆಮನೆಗಳಲ್ಲಿ ವಿಭೂತಿ ಪತ್ರಿಗಳಿಂದ ಪೂಜೆ ನಡೆಯುತ್ತಿತ್ತು. ಬಿಚ್ಚಿ ಓದುವವರು ಮಾತ್ರ ವಿರಳವಾದರು. ಪ್ರತಿಮಾಡುವವರೂ ಕಡಮೆಯಾದರು. ಪೂಜೆಗೊಳ್ಳುತ್ತಲೇ ಗರಿಗಳು ಪುಡಿಯಾಗುತ್ತಿದ್ದುವು. ಇಂಥ ಸಮಯದಲ್ಲಿ ವಿಜಾಪುರದ ವಕೀಲರೊಬ್ಬರು ಹಳ್ಳಿ ಹಳ್ಳಿಗಳ ಮನೆ ಮಠಗಳ ಬಾಗಿಲಿಗೆ ಹೋಗಿ ನಿಂತರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾಯಿದೆಯನ್ನು ಓದಿ, ವಿಜಾಪುರದಲ್ಲಿ ನೆಲೆನಿಂತವರು. ಕಕ್ಷಿಗಾರರಿಗಾಗಿ ವಾದಿಸಬೇಕಾದವರು ಏಳು ಶತಮಾನಗಳ ಹಿಂದಿನವರಿಗಾಗಿ ವಾದಿಸತೊಡಗಿದರು. ಆ ಕಕ್ಷಿಗಾರರಿಂದ ಶುಲ್ಕ ಬರುವಂತಿರಲಿಲ್ಲ.

1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಪ್ರಕಟವಾಯಿತು. ಅದೂ ಒಂದು ಸಂಕಲನವೇ. ಶರಣರ ವಚನಗಳನ್ನು ವಿಷಯಾನುಸಾರವಾಗಿ ಆಯ್ದು ಜೋಡಿಸಿದುದು. ಅಚ್ಚಿಗೆ ಬೇರೆಯವರನ್ನು ನೆಚ್ಚಿ ಕೆಲಸ ಸಾಗದೆಂದು ಕಂಡಾಗ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರಿಗೆ ಅಧ್ಯಕ್ಷಪೀಠವನ್ನು ಕೊಟ್ಟಿತು. ಅದಕ್ಕೆ ಮೊದಲು ಹೆಸರು ತಿಳಿದಿದ್ದ ವಚನಕಾರರು ಐವತ್ತರಷ್ಟು. ಅವರ ಶೋಧದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತೆಂದು ಬಲ್ಲವರು ಹೇಳುವರು. ಇಷ್ಟು ಜನಕ್ಕೆ ಮನೆಯಾದವರಿಗೆ ತಮ್ಮದೆಂಬ ಮನೆ ಉಳಿಯಲಿಲ್ಲ. 1964ರಲ್ಲಿ ಅವರು ಲಿಂಗೈಕ್ಯರಾದರು.

ಇದೇ ಕಾಲದಲ್ಲಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ತ್ರಿಪದಿಗಳ ಬೆನ್ನುಹತ್ತಿದ್ದರು. ಅವರು ಕ್ರೈಸ್ತ ಪಾದ್ರಿಗಳು. ಓಲೆಯಲ್ಲಿದ್ದುದನ್ನೂ ಜನರ ಬಾಯಲ್ಲಿದ್ದುದನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳ ದೊಡ್ಡ ಸಂಗ್ರಹವನ್ನು ಹೊರತಂದರು. ಸರ್ವಜ್ಞನು ಮನೆಯಿಲ್ಲದೆ ಊರೂರು ತಿರುಗಿದವನು. ಅವನ ಪದಗಳೂ ಹಾಗೆಯೇ ತಿರುಗುತ್ತಿದ್ದುವು. ಬೇರೆ ಮತದ ಪಾದ್ರಿಯೊಬ್ಬರು ಅವುಗಳನ್ನು ಕರೆದು ಕೂರಿಸಿದರು. ಆಯುವ ಕೆಲಸಕ್ಕೆ ಕುಲವಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಹಳಕಟ್ಟಿಯವರು ಹಾಕಿದ ದಾರಿಯಲ್ಲಿ ನಡೆದು ಅನೇಕ ವಿದ್ವಾಂಸರು ದುಡಿದ ಫಲವಾಗಿ, 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಎಂ. ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರಾಗಿದ್ದರು. ಸುಮಾರು 20,000 ವಚನಗಳು ಒಂದೆಡೆ ಸೇರಿದ ಆ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದು. ಅದರಲ್ಲಿ ಸಂಕವ್ವೆಯ ಆ ಒಂದೇ ವಚನವೂ ಇದೆ. ಒಬ್ಬ ಅಜ್ಞಾತನು ಗರಿಯ ಅರ್ಧಭಾಗದಲ್ಲಿ ಕೊಟ್ಟ ಎಡೆಯು ಅಷ್ಟು ದೂರ ನಡೆದು ಬಂದಿತು.

ಹಾಗಾದರೆ ಸಂಕಲನದಲ್ಲಿ ಸೇರಿದ ಕವಿಯು ಏನು ಮಾಡಬೇಕು? ಶರಣರ ಮಾರ್ಗದಲ್ಲಿ ಇದಕ್ಕೆ ದಾರಿ ಹೇಳಿದೆ. ವಚನದ ಕೊನೆಯಲ್ಲಿ ಅಂಕಿತವನ್ನು ಇಡುವುದೆಂದರೆ ಮಾತನ್ನು ಲಿಂಗಕ್ಕೆ ಅರ್ಪಿಸಿದಂತೆ. ಅರ್ಪಿಸಿದುದು ಮರಳಿ ಬಂದಾಗ ಅದು ತನ್ನದಲ್ಲ, ಪ್ರಸಾದ. ಪ್ರಸಾದವನ್ನು ಬಡಿಸುವವನು ಯಾರ ಎಲೆಗೆ ಎಷ್ಟು ಬಡಿಸಿದನೆಂದು ಲೆಕ್ಕ ನೋಡುವುದು ಪಂಕ್ತಿಯ ರೀತಿಯಲ್ಲ. ಆದರೆ ಬಡಿಸುವವನಿಗೂ ಒಂದು ರೀತಿಯುಂಟು. ಎಲೆ ಹಾಕಿಸಿ ಕೂರಿಸಿದ ಮೇಲೆ ಯಾರೂ ಬರಿಯ ಎಲೆಯಿಂದ ಏಳಬಾರದು. ಪಾತ್ರೆಯಲ್ಲಿ ಮಿಕ್ಕುದನ್ನು ಚೆಲ್ಲಬಾರದು. ಉಪಕಾರ ಸ್ಮರಣೆಯು ಕವಿಯ ಬಾಯಿಂದ ಮಾತ್ರ ಬರಬೇಕಾದುದಲ್ಲ. ನೂರು ಜನರು ತಮ್ಮ ಅಂತರಂಗವನ್ನು ಬರೆದು ಮಠದ ಬಾಗಿಲಿಗೆ ತಂದುಕೊಟ್ಟರೆ, ತಂದುಕೊಟ್ಟುದಕ್ಕಾಗಿ ಮಠವೂ ಅವರಿಗೆ ಋಣಿಯೇ. ಪದ್ಯವನ್ನು ಆಯ್ದುಕೊಂಡುದು ಮಠದ ಉಪಕಾರವಾದರೆ, ಆಯುವುದಕ್ಕೆ ಅಕ್ಕಿಯನ್ನು ಅಂಗಳದಲ್ಲಿ ಚೆಲ್ಲಿದುದು ಯಾರ ಉಪಕಾರ?

ನಿನ್ನೆ ರಾತ್ರಿ ಈ ಸಂಗತಿ ಸನ್ನಿಧಿಯವರ ಕಿವಿಗೆ ಬಿದ್ದಿತು. ಅವರು ಆ ಹಿರಿಯರನ್ನು ಕರೆಸಿ ಹತ್ತಿರ ಕೂರಿಸಿಕೊಂಡು, ಉಳಿದ ಹನ್ನೊಂದನ್ನೂ ಹಾಡಿಸಿ ಕೇಳಿದರು. ಮಧ್ಯರಾತ್ರಿಯಾಯಿತು. ನಾಲ್ಕನೆಯದು ಅಚ್ಚಾದ ಪದಕ್ಕಿಂತ ಚೆನ್ನಾಗಿತ್ತೆಂದು ಕೇಳಿದವರಲ್ಲಿ ಕೆಲವರು ಹೇಳಿದರು. ಆಯ್ಕೆ ಮಾಡಿದವರಲ್ಲಿ ಇಬ್ಬರು ಅಲ್ಲಿಯೇ ಇದ್ದರು, ಅವರೂ ಒಪ್ಪಿಕೊಂಡರು. ಕಾಗದದ ಮೇಲೆ ಓದಿದಾಗ ಅದು ಕಂಡಿರಲಿಲ್ಲ, ಏಕತಾರಿಯೊಡನೆ ಕೇಳಿದಾಗ ಕಂಡಿತು ಎಂದರು. ಹಿರಿಯರು ಏನೂ ಹೇಳಲಿಲ್ಲ. ಬೆಳಗ್ಗೆ ಊರಿಗೆ ಹೊರಡುವಾಗ ಸಂಕಲನದ ಎರಡು ಪ್ರತಿಗಳನ್ನು ಕೇಳಿ ತೆಗೆದುಕೊಂಡರು. ಒಂದು ತಮ್ಮ ಮೊಮ್ಮಗಳಿಗೆ, ಇನ್ನೊಂದು ಭಜನೆಯ ಮನೆಗೆ. ಬೇರೆಯವರ ಪದಗಳಲ್ಲಿ ಹಾಡುವುದಕ್ಕೆ ಬರುವಂಥವು ಎಷ್ಟಿವೆಯೆಂದು ನೋಡಬೇಕೆಂದು ಹೇಳಿದರು. ಹನ್ನೆರಡು ಪದಗಳನ್ನು ಬರೆದ ಅವರ ಪುಸ್ತಕವನ್ನು ಅವರ ಅನುಮತಿಯಿಂದ ಮಠದಲ್ಲಿ ಇರಿಸಿಕೊಳ್ಳಲಾಯಿತು. ಅದು ಈಗ ಓಲೆಯ ಕಟ್ಟುಗಳ ಕಪಾಟಿನಲ್ಲಿ, ಸಕಲ ಪುರಾತನರ ಪಕ್ಕದಲ್ಲಿ ಇದೆ. ಪಾಠಶಾಲೆಯ ಇಬ್ಬರು ವಟುಗಳು ಅದರ ಪ್ರತಿಯನ್ನು ಬರೆದುಕೊಳ್ಳುವುದಕ್ಕೆ ಇಂದು ಮಧ್ಯಾಹ್ನದಿಂದ ಕುಳಿತಿರುವರು.